ಟಾನ್ಸಿಲಿನ ಹಿಂದಣ ಕೀವು

ಮಲೆನಾಡಿನಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ನೆಗಡಿ, ಕೆಮ್ಮು, ಗಂಟಲುನೋವುಗಳ ಕಾಲವೂ ಮೊದಲಾಯಿತೆಂದೇ ತಿಳಿಯಬೇಕು. ಭದ್ರಾನದಿಯ ದಡದ ಬಾಳೆಹೊನ್ನೂರಿನಿಂದ ಹಿಡಿದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳವರೆಗೆ ಕಾಫಿ ಮತ್ತು ಅಡಕೆಯ ತೋಟಗಳ ನಡುವೆ ಚದರಿರುವ ಮನೆಗಳಲ್ಲಿ ಆ ದಿನಗಳಲ್ಲಿ ಕಾಳುಮೆಣಸಿನ ಕಷಾಯ ಕುದಿಯದ ಒಲೆ ಅಪರೂಪ. ಗಂಟಲುನೋವನ್ನು ಅಲ್ಲಿ ಒಂದು ಕಾಯಿಲೆಯೆಂದು ಯಾರೂ ಎಣಿಸುವುದಿಲ್ಲ. ಹಾಗೆ ಎಣಿಸದಿರುವುದರಲ್ಲಿ ದೊಡ್ಡ ತಪ್ಪೇನೂ ಇಲ್ಲ. ಏಕೆಂದರೆ ಗಂಟಲುನೋವುಗಳಲ್ಲಿ ಬಹುಪಾಲು ವೈರಸ್ಸುಗಳಿಂದ ಬರತಕ್ಕವು. ಅವು ಒಂದು ವಾರದೊಳಗೆ ತಾವಾಗಿಯೇ ಇಳಿದುಹೋಗುತ್ತವೆ.

ಆದರೆ ಎಲ್ಲ ಗಂಟಲುನೋವುಗಳೂ ಹಾಗೆ ಸೌಮ್ಯವಾಗಿ ಹಿಂದಿರುಗುವುದಿಲ್ಲ. ಬಾಳೆಹೊನ್ನೂರಿನ ಸಮೀಪದ ಒಂದು ತೋಟದ ಮನೆಯಲ್ಲಿ ಹದಿನೆಂಟು ವರ್ಷದ ಒಬ್ಬ ಕಾಲೇಜು ವಿದ್ಯಾರ್ಥಿಯಿದ್ದಾನೆಂದು ಭಾವಿಸೋಣ. ಅವನಿಗೆ ಗಂಟಲುನೋವು ಬಂದು ನಾಲ್ಕು ದಿನಗಳಾಗಿವೆ. ಮೂರನೆಯ ದಿನ ತುಸು ಇಳಿದಂತೆ ತೋರಿದ ನೋವು ನಾಲ್ಕನೆಯ ದಿನ ಬಲಗಡೆಯಲ್ಲಿ ಮಾತ್ರ ಹೆಚ್ಚಿ, ಕಿವಿಯವರೆಗೂ ಹಬ್ಬಿದೆ. ಅನ್ನವಿರಲಿ, ಗಂಜಿಯೂ ಇಳಿಯದು. ತನ್ನ ಎಂಜಲನ್ನೇ ನುಂಗಲಾರದೆ ಅವನು ಮತ್ತೆ ಮತ್ತೆ ಉಗುಳುತ್ತಾನೆ. ಮಾತು ತೊದಲಿದಂತೆ ಕೇಳುತ್ತದೆ. ಬಾಯಿ ತೆರೆಯೆಂದರೆ ಒಂದು ಬೆರಳಗಲಕ್ಕಿಂತ ಹೆಚ್ಚು ತೆರೆಯಲಾರ. ಇದು ಸಾಮಾನ್ಯ ಗಂಟಲುನೋವಲ್ಲ. ಅವನ ಟಾನ್ಸಿಲಿನ ಹಿಂದೆ ಕೀವು ಕಟ್ಟಿಕೊಂಡಿದೆ. ಇಂಗ್ಲಿಷಿನಲ್ಲಿ ಹಿಂದಿನಿಂದಲೂ ಇದನ್ನು ‘ಕ್ವಿನ್ಸಿ’ ಎಂದು ಕರೆಯುವ ರೂಢಿಯಿದೆ.

ಇಂತಹ ರೋಗಿಗೆ ಆಸ್ಪತ್ರೆಯಲ್ಲಿ ಮಾಡಬೇಕಾದ ಮುಖ್ಯ ಚಿಕಿತ್ಸೆ ಕೆಲವೇ ನಿಮಿಷಗಳದು. ಅದು ಸಕಾಲದಲ್ಲಿ ದೊರೆತರೆ ಅವನು ಅದೇ ದಿನ ಗಂಜಿ ಕುಡಿಯಬಹುದು; ದೊರೆಯದಿದ್ದರೆ ಪ್ರಾಣಕ್ಕೇ ಸಂಚಕಾರ ಬರಬಹುದು. ಮನೆಯಿಂದ ತಜ್ಞರ ಆಸ್ಪತ್ರೆಗೆ ಹತ್ತಾರು ಕಿಲೋಮೀಟರುಗಳ ತಿರುವುದಾರಿಯಿರುವ ಸೀಮೆಯಲ್ಲಿ, ರೋಗವನ್ನು ಮೊದಲು ಗುರುತಿಸುವ ಹೊಣೆ ಮನೆಯವರ ಮೇಲೆಯೇ ಬೀಳುತ್ತದೆ. ಆದುದರಿಂದ ಈ ಕೀವು ಹೇಗೆ ಹುಟ್ಟುತ್ತದೆ, ಅದನ್ನು ಹೇಗೆ ಕಂಡುಹಿಡಿಯಬಹುದು, ಮಾತ್ರೆಯೊಂದರಿಂದಲೇ ಅದೇಕೆ ಕರಗುವುದಿಲ್ಲ ಎಂಬುದನ್ನು ನಾವು ಇಲ್ಲಿ ವಿಚಾರ ಮಾಡೋಣ.

ಗಂಟಲ ಬಾಗಿಲಿನ ಕಾವಲು

ಕನ್ನಡಿಯ ಮುಂದೆ ನಿಂತು ಬಾಯನ್ನು ಅಗಲವಾಗಿ ತೆರೆದು ‘ಆ’ ಎಂದರೆ, ನಾಲಗೆಯ ಬುಡದ ಆಚೆ ಕಮಾನಿನಂತಹ ಒಂದು ಬಾಗಿಲು ಕಾಣುತ್ತದೆ. ಕಮಾನಿನ ನಡುವೆ ತೂಗುವ ಸಣ್ಣ ಮಾಂಸಖಂಡವೇ ಕಿರುನಾಲಗೆ. ಅದರ ಎರಡು ಪಕ್ಕಗಳಲ್ಲಿ, ಎರಡೆರಡು ಮಡಿಕೆಗಳ ನಡುವೆ, ಬಾದಾಮಿಯ ಆಕಾರದ ಎರಡು ಉಬ್ಬುಗಳಿರುತ್ತವೆ. ಇವೇ ಟಾನ್ಸಿಲುಗಳು.

ಟಾನ್ಸಿಲು ಒಂದು ಬಗೆಯ ದುಗ್ಧರಸ ಗ್ರಂಥಿ. ಮೂಗು ಬಾಯಿಗಳ ಮೂಲಕ ಒಳನುಗ್ಗುವ ಸೂಕ್ಷ್ಮಜೀವಿಗಳನ್ನು ಮೊದಲು ಎದುರುಗೊಂಡು ಅವುಗಳ ಗುರುತನ್ನು ದೇಹದ ರಕ್ಷಣಾಪಡೆಗೆ ತಿಳಿಸುವುದು ಇದರ ಕೆಲಸ. ಇಂತಹ ಅಂಗಾಂಶವು ಟಾನ್ಸಿಲುಗಳಲ್ಲದೆ ಮೂಗಿನ ಹಿಂಬದಿಯಲ್ಲಿಯೂ ನಾಲಗೆಯ ಬುಡದಲ್ಲಿಯೂ ಇದ್ದು, ಗಂಟಲಿನ ಬಾಗಿಲನ್ನು ಬಳೆಯಂತೆ ಸುತ್ತುವರಿದಿದೆ. ಜರ್ಮನಿಯ ಅಂಗರಚನಾಶಾಸ್ತ್ರಜ್ಞ ವಾಲ್ಡೆಯರ್ 1884ರಲ್ಲಿ ಇದನ್ನು ವರ್ಣಿಸಿದುದರಿಂದ ಇದಕ್ಕೆ ‘ವಾಲ್ಡೆಯರನ ಬಳೆ’ ಎಂಬ ಹೆಸರು ನಿಂತಿದೆ. ಟಾನ್ಸಿಲಿನ ಮೇಲ್ಮೈ ನುಣುಪಾಗಿರುವುದಿಲ್ಲ. ಅದರಲ್ಲಿ ಹತ್ತಾರು ಕಿರುಬಿಲಗಳಿದ್ದು ಅವು ಒಳಗೊಳಗೇ ಕವಲೊಡೆದಿರುತ್ತವೆ. ಹೆಚ್ಚು ಸೂಕ್ಷ್ಮಜೀವಿಗಳನ್ನು ಹಿಡಿದು ಪರೀಕ್ಷಿಸಲು ಈ ಬಿಲಗಳು ನೆರವಾಗುತ್ತವೆ; ಅದೇ ಕಾರಣದಿಂದ ಸೋಂಕು ನೆಲೆಯೂರಲೂ ಎಡೆಮಾಡಿಕೊಡುತ್ತವೆ.

ಟಾನ್ಸಿಲಿನ ಹೊರಮಗ್ಗುಲಿಗೆ ಗಟ್ಟಿಯಾದ ತೆಳುಪೊರೆಯೊಂದಿದೆ. ಆ ಪೊರೆಯ ಆಚೆ ಗಂಟಲಿನ ಸ್ನಾಯುವಿನ ಗೋಡೆ. ಪೊರೆ ಮತ್ತು ಸ್ನಾಯುಗಳ ನಡುವೆ ಸಡಿಲವಾದ ಅಂಗಾಂಶದಿಂದ ಕೂಡಿದ ಕಿರಿದಾದ ಒಂದು ಎಡೆಯಿದೆ. ನಮ್ಮ ಕಥೆಯೆಲ್ಲ ನಡೆಯುವುದು ಇಲ್ಲಿಯೇ. ಈ ಎಡೆಯ ನೆರೆಯಲ್ಲಿ ಯಾರು ಯಾರಿದ್ದಾರೆಂಬುದನ್ನೂ ವಾಚಕರು ನೆನಪಿನಲ್ಲಿಡಬೇಕು. ಹೊರಗಡೆಗೆ ದವಡೆಯನ್ನು ಮುಚ್ಚುವ ಸ್ನಾಯುಗಳಲ್ಲೊಂದು. ಅದರಿಂದ ತುಸು ಹಿಂದಕ್ಕೆ, ಟಾನ್ಸಿಲಿನಿಂದ ಸುಮಾರು ಎರಡು, ಎರಡೂವರೆ ಸೆಂಟಿಮೀಟರು ದೂರದಲ್ಲಿ, ಮಿದುಳಿಗೆ ರಕ್ತವನ್ನೊಯ್ಯುವ ದೊಡ್ಡ ಅಪಧಮನಿ. ಕೆಳಗಡೆ ಶ್ವಾಸನಾಳದ ದ್ವಾರ.

ಕೀವು ಹುಟ್ಟುವ ಬಗೆ

ಮೊದಲು ಸಾಮಾನ್ಯವಾಗಿ ಟಾನ್ಸಿಲಿನ ಉರಿಯೂತ ಕಾಣಿಸಿಕೊಳ್ಳುತ್ತದೆ. ಬ್ಯಾಕ್ಟೀರಿಯಗಳಿಂದ ಬರುವ ಉರಿಯೂತದಲ್ಲಿ ಪ್ರಮುಖವಾದುದು ಸ್ಟ್ರೆಪ್ಟೊಕಾಕಸ್ ಪಯೋಜಿನಸ್. ಸೂಕ್ಷ್ಮದರ್ಶಕದಲ್ಲಿ ಇದು ಪೋಣಿಸಿದ ಮಣಿಗಳ ಸರದಂತೆ ಕಾಣುತ್ತದೆ. ಕೆಲವರಲ್ಲಿ ಈ ಸೋಂಕು ಟಾನ್ಸಿಲಿನೊಳಗೆ ಮುಗಿಯದೆ, ಪೊರೆಯನ್ನು ದಾಟಿ ಹೊರಗಿನ ಸಡಿಲ ಎಡೆಯನ್ನು ಸೇರುತ್ತದೆ. ಟಾನ್ಸಿಲಿನ ಮೇಲ್ತುದಿಯ ಬಳಿ ಎಂಜಲನ್ನು ಸ್ರವಿಸುವ ಅತಿ ಸಣ್ಣ ಗ್ರಂಥಿಗಳ ಒಂದು ಗುಂಪಿದೆ. ಅವುಗಳ ನಾಳಗಳು ಮುಚ್ಚಿಹೋಗಿ ಅಲ್ಲಿಯೇ ಸೋಂಕು ಮೊದಲಾಗುವುದೂ ಉಂಟೆಂದು ಕೆಲವು ತಜ್ಞರ ಮತ. ಕೀವು ಹೆಚ್ಚಾಗಿ ಮೇಲ್ತುದಿಯಲ್ಲಿಯೇ ಕಟ್ಟಿಕೊಳ್ಳುವುದಕ್ಕೆ ಈ ಮತವು ಒಳ್ಳೆಯ ವಿವರಣೆಯನ್ನು ಕೊಡುತ್ತದೆ.

ಸೂಕ್ಷ್ಮಜೀವಿಗಳು ಎಡೆಯನ್ನು ಸೇರಿದೊಡನೆ ಬಿಳಿಯ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ. ಮೊದಲ ಒಂದೆರಡು ದಿನ ಅಂಗಾಂಶವು ಕೆಂಪೇರಿ, ಊದಿ, ಗಡುಸಾಗಿರುತ್ತದೆ, ಕೀವಿರುವುದಿಲ್ಲ. ಅನಂತರ ಸತ್ತ ರಕ್ತಕಣಗಳೂ ಸತ್ತ ಅಂಗಾಂಶವೂ ಸತ್ತ ಮತ್ತು ಬದುಕಿರುವ ಸೂಕ್ಷ್ಮಜೀವಿಗಳೂ ಕರಗಿ ಬೆರೆತು ಕೀವಾಗುತ್ತವೆ. ದೇಹವು ಅದರ ಸುತ್ತ ಗೋಡೆಯೊಂದನ್ನು ಕಟ್ಟಿ ಅದು ಹರಡದಂತೆ ತಡೆಯಲು ಯತ್ನಿಸುತ್ತದೆ. ಹೀಗೆ ಗೋಡೆಯಿಂದ ಸುತ್ತುವರಿದ ಕೀವೇ ಕುರು. ಒಂದೆರಡು ಚಮಚದಷ್ಟಿರುವ ಈ ಕೀವು ಬೆನ್ನಿನ ಮೇಲೋ ತೊಡೆಯ ಮೇಲೋ ಇದ್ದಿದ್ದರೆ ಅಷ್ಟಾಗಿ ಭಯಪಡಬೇಕಾಗಿರಲಿಲ್ಲ. ಉಸಿರೂ ಅನ್ನವೂ ಹಾದುಹೋಗುವ ಇಕ್ಕಟ್ಟಿನ ದಾರಿಯಲ್ಲಿರುವುದರಿಂದಲೇ ಅದು ಅಪಾಯಕಾರಿ.

ಈ ಕೀವನ್ನು ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ ಒಂದೇ ಜಾತಿಯ ಸೂಕ್ಷ್ಮಜೀವಿ ದೊರೆಯುವುದು ಕಡಮೆ. ಸ್ಟ್ರೆಪ್ಟೊಕಾಕಸ್ಸಿನ ಜೊತೆಗೆ, ಆಮ್ಲಜನಕವಿಲ್ಲದ ಎಡೆಯಲ್ಲಿ ಬೆಳೆಯುವ ಫ್ಯೂಸೊಬ್ಯಾಕ್ಟೀರಿಯಮ್ ಮೊದಲಾದವುಗಳೂ ಇರುತ್ತವೆ. ರೋಗಿಯ ಉಸಿರು ದುರ್ವಾಸನೆಯಿಂದ ಕೂಡಿರುವುದಕ್ಕೆ ಇವು ಒಂದು ಕಾರಣ. ಔಷಧವನ್ನು ಆರಿಸುವಾಗಲೂ ವೈದ್ಯರು ಎರಡು ಬಗೆಯವನ್ನೂ ಗಮನದಲ್ಲಿಡಬೇಕಾಗುತ್ತದೆ.

ಈ ರೋಗವು ಹೆಚ್ಚಾಗಿ ಹಿಡಿಯುವುದು ಹದಿಹರೆಯದವರನ್ನೂ ತರುಣರನ್ನೂ. ಅಂದರೆ ಈ ಲೇಖನವನ್ನು ಓದುತ್ತಿರುವ ವಿದ್ಯಾರ್ಥಿಗಳ ವಯಸ್ಸಿನವರನ್ನೇ. ಅಮೆರಿಕದಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ ಸುಮಾರು 30 ಮಂದಿಗೆ ಇದು ಬರುವುದೆಂದು ಅಂದಾಜು ಮಾಡಿದ್ದಾರೆ. ಧೂಮಪಾನಿಗಳಲ್ಲಿ ಇದು ಹೆಚ್ಚೆಂಬುದೂ ಕಂಡುಬಂದಿದೆ.

ಗುರುತುಗಳು ಮತ್ತು ಅವುಗಳ ಕಾರಣ

ರೋಗಲಕ್ಷಣಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಅವು ಏಕೆ ಉಂಟಾಗುತ್ತವೆಂಬುದನ್ನು ತಿಳಿದರೆ ಅವು ಎಂದಿಗೂ ಮರೆಯವು.

ಮೊದಲನೆಯದು, ನೋವು ಒಂದೇ ಪಕ್ಕಕ್ಕೆ ಕೇಂದ್ರೀಕರಿಸುವುದು. ಸಾಮಾನ್ಯ ಗಂಟಲುನೋವು ಎರಡು ಪಕ್ಕಗಳಲ್ಲಿಯೂ ಇರುತ್ತದೆ; ಕೀವು ಬಹುಮಟ್ಟಿಗೆ ಒಂದೇ ಪಕ್ಕದಲ್ಲಿ ಕಟ್ಟುತ್ತದೆ. ಟಾನ್ಸಿಲಿಗೂ ಕಿವಿಯ ಒಳಭಾಗಕ್ಕೂ ಒಂದೇ ನರದ ಶಾಖೆಗಳು ಹೋಗುವುದರಿಂದ, ಕಿವಿಯಲ್ಲಿ ಯಾವ ರೋಗವೂ ಇಲ್ಲದಿದ್ದರೂ ಅದೇ ಪಕ್ಕದ ಕಿವಿ ನೋಯುತ್ತದೆ.

ಎರಡನೆಯದು, ಬಾಯಿ ತೆರೆಯಲಾಗದಿರುವುದು. ಕೀವಿನ ನೆರೆಯಲ್ಲಿಯೇ ದವಡೆಯನ್ನು ಮುಚ್ಚುವ ಸ್ನಾಯುವಿದೆಯೆಂದು ಹೇಳಿದೆವಷ್ಟೆ. ಉರಿಯೂತವು ತಾಗಿದೊಡನೆ ಆ ಸ್ನಾಯು ಸೆಟೆದುಕೊಳ್ಳುತ್ತದೆ. ಆರೋಗ್ಯವಂತನಾದ ವಯಸ್ಕನು ತನ್ನ ಮೂರು ಬೆರಳುಗಳನ್ನು ಒಟ್ಟಿಗೆ ಜೋಡಿಸಿ, ಒಂದರ ಮೇಲೊಂದು ಬರುವಂತೆ ನಿಲ್ಲಿಸಿ, ಮೇಲಣ ಮತ್ತು ಕೆಳಗಣ ಮುಂಬಲ್ಲುಗಳ ನಡುವೆ ಇಡಬಲ್ಲನು. ವಾಚಕರು ಈಗಲೇ ಇದನ್ನು ಪರೀಕ್ಷಿಸಿ ನೋಡಬಹುದು. ಗಂಟಲುನೋವಿನ ರೋಗಿಗೆ ಎರಡು ಬೆರಳೂ ಹಿಡಿಸದಿದ್ದರೆ, ಅದು ಸಾಮಾನ್ಯ ಗಂಟಲುನೋವಿನ ಎಲ್ಲೆಯನ್ನು ಮೀರಿದೆಯೆಂದು ತಿಳಿಯಬೇಕು. ಮನೆಯಲ್ಲಿ ಯಾವ ಉಪಕರಣವೂ ಇಲ್ಲದೆ ನೋಡಬಹುದಾದ ಗುರುತುಗಳಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಬೇರೊಂದಿಲ್ಲ.

ಮೂರನೆಯದು, ಮಾತಿನ ಬದಲಾವಣೆ. ಊದಿಕೊಂಡ ಮೃದು ಅಂಗುಳವು ಸರಿಯಾಗಿ ಆಡಲಾರದು, ಬಾಯೂ ತೆರೆಯದು. ಆದುದರಿಂದ ರೋಗಿಯ ಮಾತು ಬಿಸಿ ಕಡುಬಿನ ತುಂಡನ್ನು ಬಾಯಲ್ಲಿಟ್ಟುಕೊಂಡು ಆಡಿದ ಮಾತಿನಂತೆ ಕೇಳುತ್ತದೆ. ಇದು ನೆಗಡಿಯ ಒಡಕು ದನಿಯಲ್ಲ. ನಾಲ್ಕನೆಯದು, ಎಂಜಲು ನುಂಗಲಾಗದೆ ಬಾಯಿಂದ ಸುರಿಯುವುದು. ಇವುಗಳ ಜೊತೆಗೆ ಜ್ವರ, ಕತ್ತಿನ ಆ ಪಕ್ಕದಲ್ಲಿ ನೋಯುವ ಗಂಟುಗಳು, ನೀರಿಲ್ಲದೆ ಬತ್ತಿದ ಬಳಲಿಕೆ ಇರುತ್ತವೆ.

ವೈದ್ಯರು ದೀಪದ ಬೆಳಕಿನಲ್ಲಿ ನೋಡಿದಾಗ, ಟಾನ್ಸಿಲಿನ ಮೇಲಣ ಮೃದು ಅಂಗುಳವು ಒಂದು ಪಕ್ಕದಲ್ಲಿ ಕೆಂಪಾಗಿ ಉಬ್ಬಿರುವುದು ಕಾಣುತ್ತದೆ. ಆ ಉಬ್ಬು ಟಾನ್ಸಿಲನ್ನು ಕೆಳಕ್ಕೂ ಒಳಕ್ಕೂ ತಳ್ಳುತ್ತದೆ. ನಡುವೆ ತೂಗಬೇಕಾದ ಕಿರುನಾಲಗೆಯೂ ಎದುರುಪಕ್ಕಕ್ಕೆ ಸರಿದಿರುತ್ತದೆ. ಬಲಗಡೆಯಲ್ಲಿ ಕೀವಿದ್ದರೆ ಅದು ಎಡಕ್ಕೆ, ಎಡಗಡೆಯಲ್ಲಿದ್ದರೆ ಬಲಕ್ಕೆ ಬಾಗುತ್ತದೆ.

ಇದನ್ನು ಹೋಲುವ ಬೇರೆ ರೋಗಗಳು

ಬಾಯಿ ತೆರೆಯದವರೆಲ್ಲರಿಗೂ ಟಾನ್ಸಿಲಿನ ಹಿಂದೆ ಕೀವಿರುವುದೆಂದು ತಿಳಿಯಬಾರದು. ಅಡಕೆಯ ನಾಡಿನಲ್ಲಿ ಈ ಎಚ್ಚರಿಕೆ ಇನ್ನೂ ಹೆಚ್ಚಾಗಿ ಬೇಕು. ಬಹುಕಾಲ ಅಡಕೆಯನ್ನೋ ಗುಟ್ಕವನ್ನೋ ಅಗಿಯುವವರಲ್ಲಿ ಕೆಲವರಿಗೆ ಕೆನ್ನೆಯ ಒಳಪೊರೆಯು ಬಿಳಿಚಿಕೊಂಡು, ನಾರುಗಟ್ಟಿ, ಚರ್ಮದ ಪಟ್ಟಿಯಂತೆ ಬಿಗಿಯುತ್ತದೆ. ಅವರಿಗೂ ಬಾಯಿ ತೆರೆಯುವುದು ಕಷ್ಟ. ಆದರೆ ಆ ಬಿಗಿತವು ತಿಂಗಳು ವರ್ಷಗಳ ಕಾಲದಲ್ಲಿ ನಿಧಾನವಾಗಿ ಬರತಕ್ಕದ್ದು. ಖಾರ ತಿಂದರೆ ಉರಿಯುವುದುಂಟು; ಜ್ವರವಾಗಲಿ ಒಂದು ಪಕ್ಕದ ತೀವ್ರವಾದ ನೋವಾಗಲಿ ಇರುವುದಿಲ್ಲ. ಅದು ಕ್ಯಾನ್ಸರಿಗೆ ದಾರಿಯಾಗಬಹುದಾದ್ದರಿಂದ ಅದಕ್ಕೂ ವೈದ್ಯರ ಸಲಹೆ ಅಗತ್ಯ. ಆದರೆ ಅದು ಬೇರೆಯೇ ಕಾಯಿಲೆ. ಇಂತಹ ಬಿಗಿತವಿರುವವನಿಗೇ ಟಾನ್ಸಿಲಿನ ಹಿಂದೆ ಕೀವು ಕಟ್ಟಿದರೆ, ‘ಇವನ ಬಾಯಿ ಮೊದಲಿನಿಂದಲೂ ಹೀಗೆಯೇ’ ಎಂಬ ಭಾವನೆಯಿಂದ ರೋಗವು ಮರೆಯಾಗುವ ಸಂಭವವಿದೆ. ಆಗ ನಿನ್ನೆ ಮೊನ್ನೆಯ ಬಾಯಿಗೂ ಇಂದಿನ ಬಾಯಿಗೂ ಇರುವ ಅಂತರವನ್ನು ಕೇಳಿ ತಿಳಿಯಬೇಕು.

ತೋಟದಲ್ಲಿ ಕಾಲಿಗೆ ಗಾಯವಾದವನಿಗೆ ದವಡೆ ಕಚ್ಚಿಕೊಂಡರೆ ಧನುರ್ವಾಯುವನ್ನು ನೆನೆಯಬೇಕು. ಅದರಲ್ಲಿ ಗಂಟಲು ಊದಿರುವುದಿಲ್ಲ. ಕತ್ತು ಬೆನ್ನುಗಳೂ ಸೆಟೆಯುತ್ತವೆ. ತರುಣರಲ್ಲಿ ಬುದ್ಧಿಹಲ್ಲು ಮೂಡುವಾಗ ಅದರ ಸುತ್ತ ಸೋಂಕು ತಗುಲಿದರೂ ಬಾಯಿ ತೆರೆಯಲಾಗದು. ಆಗ ನೋವು ಒಸಡಿನಲ್ಲಿರುತ್ತದೆ. ಗಂಟಲಮಾರಿ ಅಥವಾ ಡಿಫ್ತೀರಿಯದಲ್ಲಿ ಟಾನ್ಸಿಲಿನ ಮೇಲೆ ಬೂದುಬಣ್ಣದ ಪೊರೆಯೊಂದು ಅಂಟಿಕೊಂಡು, ಕೀಳಹೋದರೆ ರಕ್ತ ಜಿನುಗುತ್ತದೆ. ಚುಚ್ಚುಮದ್ದಿನಿಂದ ಈ ರೋಗವು ವಿರಳವಾಗಿದ್ದರೂ ಇಲ್ಲವಾಗಿಲ್ಲ.

ಮಲೆನಾಡಿನವರಿಗೆ ಮಂಗನ ಕಾಯಿಲೆಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ರೋಗವು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ತಾಲ್ಲೂಕುಗಳಲ್ಲಿಯೂ ಕಾಣಿಸಿಕೊಂಡಿದೆ. ಅದರಲ್ಲಿ ಕೆಲವರ ಅಂಗುಳದ ಮೇಲೆ ಸಣ್ಣ ಗುಳ್ಳೆಗಳು ಏಳುವುದುಂಟು. ಆದರೆ ತೀವ್ರವಾದ ತಲೆನೋವು, ಮೈಕೈ ನೋವು, ಬಿಡದ ಜ್ವರ ಅದರ ಮುಖ್ಯ ಲಕ್ಷಣಗಳು. ಗಂಟಲಿನ ಒಂದು ಪಕ್ಕ ಉಬ್ಬುವುದಿಲ್ಲ, ಬಾಯೂ ಬಿಗಿಯುವುದಿಲ್ಲ.

ಎಲ್ಲಕ್ಕಿಂತ ಭಯಂಕರವಾದ ಹೋಲಿಕೆಯೆಂದರೆ ಶ್ವಾಸನಾಳದ ದ್ವಾರವನ್ನು ಮುಚ್ಚುವ ಮುಚ್ಚಳವೇ ಊದಿಕೊಳ್ಳುವುದು. ಅಮೆರಿಕದ ಮೊದಲ ಅಧ್ಯಕ್ಷರಾಗಿದ್ದ ಜಾರ್ಜ್ ವಾಷಿಂಗ್ಟನ್ 1799ರ ಡಿಸೆಂಬರ್ 12ರಂದು ಹಿಮ ಮಳೆಗಳಲ್ಲಿ ಕುದುರೆಯೇರಿ ತಮ್ಮ ಜಮೀನನ್ನು ಸುತ್ತಿಬಂದರು. 14ರ ಬೆಳಗಿನ ಜಾವಕ್ಕೆ ಅವರಿಗೆ ಮಾತನಾಡುವುದೂ ನುಂಗುವುದೂ ಉಸಿರಾಡುವುದೂ ಕಷ್ಟವಾಯಿತು. ಅದೇ ರಾತ್ರಿ ತೀರಿಕೊಂಡರು. ಅಂದಿನ ಪದ್ಧತಿಯಂತೆ ಅವರ ಮೈಯಿಂದ ನಾಲ್ಕು ಬಾರಿ ರಕ್ತವನ್ನು ತೆಗೆಯಲಾಗಿತ್ತು. ಮೂವರು ವೈದ್ಯರಲ್ಲಿ ಕಿರಿಯರಾದ ಡಾ. ಡಿಕ್ ಅವರು ಕತ್ತಿನಲ್ಲಿ ರಂಧ್ರ ಮಾಡಿ ಉಸಿರಿಗೆ ದಾರಿಮಾಡಿಕೊಡೋಣವೆಂದರು, ಹಿರಿಯರು ಒಪ್ಪಲಿಲ್ಲ. ಅಂದು ಇದನ್ನು ಕ್ವಿನ್ಸಿಯೆಂದು ಹೇಳಿದವರೂ ಇದ್ದರು. ಇಂದಿನ ವೈದ್ಯರಲ್ಲಿ ಹೆಚ್ಚಿನವರು ಅದನ್ನು ಮುಚ್ಚಳದ ಊತವೆಂದೇ ಭಾವಿಸುತ್ತಾರೆ. ಬಾಯಲ್ಲಿ ನೋಡಿದರೆ ಗಂಟಲು ಅಷ್ಟೇನೂ ಕೆಟ್ಟಿರುವುದಿಲ್ಲ. ಆದರೆ ರೋಗಿಯು ಮುಂದಕ್ಕೆ ಬಾಗಿ ಕುಳಿತು, ಜೊಲ್ಲು ಸುರಿಸುತ್ತ, ಸದ್ದುಮಾಡಿ ಉಸಿರೆಳೆಯುತ್ತಾನೆ. ಅಂತಹವನ ಬಾಯಿಗೆ ಚಮಚವನ್ನಾಗಲಿ ಬೆರಳನ್ನಾಗಲಿ ಹಾಕಕೂಡದು. ಅದರಿಂದಲೇ ಉಸಿರು ನಿಂತುಹೋಗಬಹುದು.

ಹಣ್ಣಾಗಿದೆಯೋ, ಇನ್ನೂ ಕಾಯೋ?

ರೋಗದ ಗುರುತು ಸಿಕ್ಕಿದ ಮೇಲೂ ಒಂದು ಮುಖ್ಯವಾದ ಪ್ರಶ್ನೆ ಉಳಿಯುತ್ತದೆ. ಅಲ್ಲಿ ಕೀವು ಕಟ್ಟಿದೆಯೋ, ಇಲ್ಲವೆ ಇನ್ನೂ ಬರಿಯ ಊತದ ಹಂತದಲ್ಲಿದೆಯೋ? ಊತ ಮಾತ್ರವಿದ್ದರೆ ಔಷಧ ಸಾಕು. ಕತ್ತಿಯಿಂದ ಕೊಯ್ದರೆ ನೋವು ರಕ್ತಗಳಲ್ಲದೆ ಬೇರೇನೂ ದೊರೆಯದು. ಕೀವು ಕಟ್ಟಿದ್ದರೆ ಅದನ್ನು ಹೊರಗೆ ಬಿಡದೆ ಕಾಯುವುದು ಅಪಾಯ.

ಈ ವಿವೇಚನೆ ಹೊಸದೇನೂ ಅಲ್ಲ. ಸುಶ್ರುತಸಂಹಿತೆಯು ಬಾವನ್ನು ಆಮ, ಪಚ್ಯಮಾನ, ಪಕ್ವ ಎಂದು ಮೂರು ಹಂತಗಳಾಗಿ ವಿಂಗಡಿಸುತ್ತದೆ. ಅರಿಯದೆ ಎಳೆಯ ಬಾವನ್ನು ಕೊಯ್ಯುವವನನ್ನೂ ಹಣ್ಣಾದುದನ್ನು ಉಪೇಕ್ಷಿಸುವವನನ್ನೂ ಅದು ಒಂದೇ ತೂಕದಲ್ಲಿ ಖಂಡಿಸುತ್ತದೆ. ಕಂಠರೋಗಗಳ ನಡುವೆ ‘ಗಲವಿದ್ರಧಿ’ ಎಂಬ ಗಂಟಲಿನ ಕುರುವನ್ನು ಹೆಸರಿಸಿ, ಅದು ಚೆನ್ನಾಗಿ ಹಣ್ಣಾಗಿದ್ದು ಮರ್ಮಸ್ಥಾನದಲ್ಲಿರದಿದ್ದರೆ ಅದನ್ನು ಒಡೆಯಬೇಕೆಂದು ವಿಧಿಸುತ್ತದೆ. ಕೀವು ಹಣ್ಣಾಗಿರಬೇಕು, ನೆರೆಯ ರಕ್ತನಾಳಕ್ಕೆ ಪೆಟ್ಟಾಗಬಾರದು ಎಂಬ ಈ ಎರಡು ನಿಯಮಗಳು ಇಂದಿನ ಶಸ್ತ್ರವೈದ್ಯನಿಗೂ ಅನ್ವಯಿಸುತ್ತವೆ.

ಆದರೆ ಹಣ್ಣಾಗಿರುವುದನ್ನು ತಿಳಿಯುವ ಸಾಧನಗಳು ಇಂದು ಹೆಚ್ಚಿವೆ. ನುರಿತ ವೈದ್ಯರಿಗೆ ನೋಟ ಮತ್ತು ಸ್ಪರ್ಶಗಳೇ ಅನೇಕ ವೇಳೆ ಸಾಕಾಗುತ್ತವೆ. ಸಂದೇಹವಿದ್ದಲ್ಲಿ ಅಲ್ಟ್ರಾಸೌಂಡ್ ಯಂತ್ರದ ಸಣ್ಣ ಶೋಧಕವನ್ನು ಬಾಯೊಳಗೋ ಕತ್ತಿನ ಮೇಲೋ ಇಟ್ಟು, ಶಬ್ದತರಂಗಗಳ ಪ್ರತಿಧ್ವನಿಯಿಂದ ಕೀವಿನ ಚೀಲವನ್ನು ಕಾಣಬಹುದು. ಸೋಂಕು ಕತ್ತಿನ ಆಳಕ್ಕೆ ಇಳಿದಿರಬಹುದೆಂಬ ಅನುಮಾನವಿದ್ದರೆ ಸಿ.ಟಿ. ಸ್ಕ್ಯಾನ್ ನೆರವಾಗುತ್ತದೆ. ಕೊನೆಯ ಸಾಕ್ಷಿಯೆಂದರೆ ಸೂಜಿ. ಸೂಜಿಯನ್ನು ಚುಚ್ಚಿ ಹಿಂದಕ್ಕೆಳೆದಾಗ ಕೀವು ಬಂದರೆ ರೋಗನಿರ್ಣಯವೂ ಆಯಿತು, ಚಿಕಿತ್ಸೆಯ ಅರ್ಧಭಾಗವೂ ಮುಗಿಯಿತು.

ಮಾತ್ರೆಯೊಂದೇ ಏಕೆ ಸಾಲದು?

ಇಲ್ಲಿ ವಾಚಕರು ಒಂದು ಪ್ರಶ್ನೆಯನ್ನು ಕೇಳಬಹುದು. 1928ರಲ್ಲಿ ಫ್ಲೆಮಿಂಗ್ ಪೆನಿಸಿಲಿನ್ನನ್ನು ಕಂಡುಹಿಡಿದರು. 1940ರ ದಶಕದಲ್ಲಿ ಅದು ರೋಗಿಗಳ ಕೈಗೆ ಬಂದಿತು. ಸ್ಟ್ರೆಪ್ಟೊಕಾಕಸ್ ಪಯೋಜಿನಸ್ ಇಂದಿಗೂ ಪೆನಿಸಿಲಿನ್ನಿಗೆ ಮಣಿಯುತ್ತದೆ. ಹಾಗಿರುವಾಗ ಸೂಜಿ ಕತ್ತಿಗಳ ಗೊಡವೆಯೇಕೆ?

ಉತ್ತರವು ಔಷಧ ಸಂಚರಿಸುವ ದಾರಿಯಲ್ಲಿದೆ. ನುಂಗಿದ ಮಾತ್ರೆಯಾಗಲಿ ಚುಚ್ಚಿದ ಮದ್ದಾಗಲಿ ರಕ್ತದ ಮೂಲಕವೇ ರೋಗದ ಸ್ಥಳವನ್ನು ಸೇರಬೇಕು. ಕೀವಿನ ಚೀಲದೊಳಗೆ ರಕ್ತನಾಳಗಳಿಲ್ಲ. ಸುತ್ತಣ ಗೋಡೆಯನ್ನು ದಾಟಿ ಒಳಕ್ಕೆ ಜಿನುಗುವ ಔಷಧದ ಪ್ರಮಾಣ ಅಲ್ಪ. ಜೊತೆಗೆ ಕೀವು ಆಮ್ಲೀಯವಾಗಿರುವುದು, ಸೂಕ್ಷ್ಮಜೀವಿಗಳು ಅಲ್ಲಿ ನಿಧಾನವಾಗಿ ಬೆಳೆಯುವುದು, ಅವುಗಳಲ್ಲಿ ಕೆಲವು ಪೆನಿಸಿಲಿನ್ನನ್ನು ಒಡೆಯುವ ಕಿಣ್ವವನ್ನು ಸ್ರವಿಸುವುದು, ಇವೆಲ್ಲವೂ ಔಷಧದ ಬಲವನ್ನು ಕುಗ್ಗಿಸುತ್ತವೆ. ಅಡಕೆಯ ತೋಟದ ಬಸಿಗಾಲುವೆ ಕಟ್ಟಿಕೊಂಡು ನೀರು ನಿಂತು ಬೇರು ಕೊಳೆಯುತ್ತಿರುವಾಗ ಬುಡಕ್ಕೆ ಎಷ್ಟು ಗೊಬ್ಬರ ಸುರಿದರೇನು? ಮೊದಲು ಕಾಲುವೆಯನ್ನು ಬಿಡಿಸಿ ನೀರನ್ನು ಹೊರಡಿಸಬೇಕು. ಗೊಬ್ಬರದ ಮಾತು ಅನಂತರ. ಕೀವಿನ ವಿಷಯವೂ ಹಾಗೆಯೇ.

ಸಾಮಾನ್ಯವಾಗಿ ಅನುಸರಿಸುವ ವಿಧಾನ ಹೀಗಿದೆ. ರೋಗಿಯನ್ನು ನೆಟ್ಟಗೆ ಕುಳ್ಳಿರಿಸಿ ಗಂಟಲಿಗೆ ಮರವಳಿಕೆಯ ಔಷಧವನ್ನು ಸಿಂಪಡಿಸಿ, ಉಬ್ಬಿರುವ ಸ್ಥಳದಲ್ಲಿಯೂ ಅದನ್ನು ಚುಚ್ಚುತ್ತಾರೆ. ಬಳಿಕ ತುಸು ದಪ್ಪನೆಯ ಸೂಜಿಯನ್ನು ಉಬ್ಬಿನ ಮೇಲ್ಭಾಗದಲ್ಲಿ ತೂರಿಸಿ ಕೀವನ್ನು ಸೆಳೆಯುತ್ತಾರೆ. ಹಿಂದೆ ಹೇಳಿದ ದೊಡ್ಡ ಅಪಧಮನಿಯ ಭಯವಿರುವುದರಿಂದ, ಸೂಜಿಯ ತುದಿ ಸುಮಾರು ಒಂದು ಸೆಂಟಿಮೀಟರಿನಷ್ಟು ಮಾತ್ರ ಹೊರಗಿರುವಂತೆ ಅದರ ಮೇಲೆ ಕೊಳವೆಯೊಂದನ್ನು ತೊಡಿಸುವ ಜಾಗ್ರತೆಯುಂಟು. ಮತ್ತೊಂದು ವಿಧಾನದಲ್ಲಿ ಅದೇ ಸ್ಥಳದಲ್ಲಿ ಸಣ್ಣ ಸೀಳನ್ನು ಮಾಡಿ, ಇಕ್ಕಳದಿಂದ ಅಗಲಿಸಿ ಕೀವನ್ನು ಹರಿಯಬಿಡುತ್ತಾರೆ. ಹತ್ತರಲ್ಲಿ ಸುಮಾರು ಒಂಬತ್ತು ರೋಗಿಗಳಿಗೆ ಸೂಜಿಯ ವಿಧಾನವೇ ಸಾಕಾಗುತ್ತದೆ. ಕೆಲವರಲ್ಲಿ ಮಾರನೆಯ ದಿನ ಮತ್ತೊಮ್ಮೆ ಸೆಳೆಯಬೇಕಾಗಬಹುದು. ಚಿಕ್ಕ ಮಕ್ಕಳಿಗೆ ಪೂರ್ತಿ ಅರಿವಳಿಕೆ ಕೊಟ್ಟು ಮಾಡಬೇಕಾಗುತ್ತದೆ. ಕೀವು ಹೊರಬಂದೊಡನೆ ಒತ್ತಡವು ಇಳಿದು ರೋಗಿಗೆ ದೊರೆಯುವ ನೆಮ್ಮದಿಯನ್ನು ಕಂಡವರೇ ಬಲ್ಲರು.

ಆಮೇಲೆ ಔಷಧಗಳು ತಮ್ಮ ಕೆಲಸವನ್ನು ಚೆನ್ನಾಗಿ ಮಾಡಬಲ್ಲವು. ಆಮ್ಲಜನಕವಿಲ್ಲದೆ ಬೆಳೆಯುವ ಜೀವಿಗಳನ್ನೂ ಹತ್ತಿಕ್ಕಬೇಕಾದುದರಿಂದ ಪೆನಿಸಿಲಿನ್ನಿನ ಜೊತೆ ಮೆಟ್ರೊನಿಡಜೋಲನ್ನಾಗಲಿ, ಅಮಾಕ್ಸಿಸಿಲಿನ್ ಕ್ಲಾವುಲನೇಟ್ ಜೋಡಿಯನ್ನಾಗಲಿ ಕೊಡುವುದು ವಾಡಿಕೆ. ಪೆನಿಸಿಲಿನ್ ಒಗ್ಗದವರಿಗೆ ಕ್ಲಿಂಡಮೈಸಿನ್ನಿನಂತಹ ಬೇರೆ ಔಷಧಗಳಿವೆ. ಊತ ಮತ್ತು ನೋವುಗಳನ್ನು ಬೇಗ ಇಳಿಸಲು ಸ್ಟಿರಾಯಿಡನ್ನು ಒಂದು ಬಾರಿ ಕೊಡುವುದುಂಟು. ದಿನಗಟ್ಟಲೆ ನೀರಿಳಿಯದೆ ಬತ್ತಿದವರಿಗೆ ರಕ್ತನಾಳದ ಮೂಲಕ ಡ್ರಿಪ್ ಕೊಡಬೇಕಾಗುತ್ತದೆ. ಇತ್ತೀಚಿನ ವರ್ಷಗಳಲ್ಲಿ, ಕುರು ತೀರ ಸಣ್ಣದಾಗಿದ್ದು ಉಸಿರಿಗೆ ತೊಂದರೆಯಿಲ್ಲದಿದ್ದರೆ, ಔಷಧ ಮಾತ್ರದಿಂದಲೇ ಚಿಕಿತ್ಸೆಯನ್ನು ಆರಂಭಿಸಿ ನೋಡುವ ವೈದ್ಯರೂ ಇದ್ದಾರೆ. ಆದರೆ ಅದು ವೈದ್ಯರ ನಿಗಾದಲ್ಲಿ ನಡೆಯತಕ್ಕದ್ದು. ಮನೆಯ ಡಬ್ಬಿಯಲ್ಲಿ ಉಳಿದಿದ್ದ ಮಾತ್ರೆಗಳನ್ನು ನುಂಗಿ ಕಾಯುವುದಕ್ಕೆ ಅದು ಆಧಾರವಾಗಲಾರದು.

ಟಾನ್ಸಿಲನ್ನು ತೆಗೆಸಬೇಕೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಈ ಕೀವು ಒಮ್ಮೆ ವಾಸಿಯಾದವರಲ್ಲಿ ಹತ್ತರಲ್ಲಿ ಒಬ್ಬರಿಗೋ ತುಸು ಹೆಚ್ಚು ಮಂದಿಗೋ ಮತ್ತೆ ಬರುತ್ತದೆ, ಉಳಿದವರಿಗೆ ಬರುವುದಿಲ್ಲ. ಆದುದರಿಂದ ಒಂದು ಬಾರಿ ಬಂದಿತೆಂದು ಎಲ್ಲರ ಟಾನ್ಸಿಲನ್ನೂ ತೆಗೆಯುವ ಪದ್ಧತಿ ಈಗಿಲ್ಲ. ಪುನಃ ಪುನಃ ಕೀವು ಕಟ್ಟುವವರಿಗೂ, ಮೊದಲಿನಿಂದಲೇ ವರ್ಷಕ್ಕೆ ಹಲವು ಬಾರಿ ಟಾನ್ಸಿಲಿನ ಬಾಧೆಪಡುತ್ತಿದ್ದವರಿಗೂ ಶಸ್ತ್ರಕ್ರಿಯೆಯನ್ನು ಸೂಚಿಸುತ್ತಾರೆ.

ತಡಮಾಡಿದರೆ

ಕೀವು ಒಂದೇ ಕಡೆ ನಿಂತಿರುವುದಿಲ್ಲ. ರೋಗಿಯು ನಿದ್ರೆಯಲ್ಲಿರುವಾಗ ಕುರು ತಾನೇ ಒಡೆದು ಕೀವು ಶ್ವಾಸನಾಳಕ್ಕೆ ಇಳಿದರೆ ಉಸಿರುಗಟ್ಟಬಹುದು, ಇಲ್ಲವೆ ಶ್ವಾಸಕೋಶದಲ್ಲಿ ಸೋಂಕು ಹುಟ್ಟಬಹುದು. ಸ್ನಾಯುವಿನ ಗೋಡೆಯನ್ನು ಕೊರೆದು ಕತ್ತಿನ ಆಳದ ಎಡೆಗಳಿಗೆ ಹರಡಿದರೆ, ಅಲ್ಲಿಂದ ಎದೆಯೊಳಕ್ಕೂ ಜಾರಬಹುದು. 1936ರಲ್ಲಿ ಫ್ರಾನ್ಸಿನ ಲೆಮಿಯರ್ ಎಂಬ ವೈದ್ಯರು ಮತ್ತೊಂದು ಕೇಡನ್ನು ವರ್ಣಿಸಿದರು. ಆರೋಗ್ಯವಂತರಾಗಿದ್ದ ತರುಣರಲ್ಲಿ ಗಂಟಲಿನ ಸೋಂಕು ಕತ್ತಿನ ದೊಡ್ಡ ಅಭಿಧಮನಿಯಲ್ಲಿ ಕೀವುಗೂಡಿದ ಹೆಪ್ಪನ್ನುಂಟುಮಾಡಿ, ಅದರ ಚೂರುಗಳು ಶ್ವಾಸಕೋಶಗಳಿಗೆ ಹರಿದುಹೋಗುತ್ತವೆ. ಇವೆಲ್ಲ ವಿರಳ, ಆದರೆ ವಿರಳವಾಗಿರುವುದು ಸಕಾಲದ ಚಿಕಿತ್ಸೆಯ ಫಲವೆಂಬುದನ್ನು ಮರೆಯಲಾಗದು.

ಸ್ಟ್ರೆಪ್ಟೊಕಾಕಸ್ಸಿನ ಸೋಂಕಿಗೆ ಇನ್ನೊಂದು ಮುಖವೂ ಇದೆ. ಕೀವು ಕಟ್ಟದಿದ್ದರೂ, ಶಾಲೆಯ ವಯಸ್ಸಿನ ಮಕ್ಕಳಲ್ಲಿ ಕೆಲವರಿಗೆ ಎರಡು ಮೂರು ವಾರಗಳ ಅನಂತರ ಕೀಲುಗಳು ಊದಿ, ಹೃದಯದ ಕವಾಟಗಳಿಗೆ ಶಾಶ್ವತವಾದ ಹಾನಿಯುಂಟಾಗಬಹುದು. ವೈದ್ಯರು ಹತ್ತು ದಿನ ಔಷಧ ಕೊಟ್ಟರೆ, ಮೂರನೆಯ ದಿನ ನೋವು ಇಳಿದರೂ ಹತ್ತು ದಿನವೂ ತೆಗೆದುಕೊಳ್ಳಬೇಕೆಂಬುದು ಇದಕ್ಕಾಗಿಯೇ.

ನಮ್ಮ ಕೈಯಲ್ಲಿರುವುದು

ಇಷ್ಟನ್ನು ಓದಿ, ಪ್ರತಿಯೊಂದು ಗಂಟಲುನೋವಿಗೂ ಹೆದರಬೇಕಾಗಿಲ್ಲ. ಕೆಮ್ಮು, ಸುರಿಯುವ ಮೂಗು, ಎರಡು ಪಕ್ಕದ ನೋವು ಇದ್ದು ಬಾಯಿ ಚೆನ್ನಾಗಿ ತೆರೆಯುತ್ತಿದ್ದರೆ, ಬೆಚ್ಚಗಿನ ಉಪ್ಪುನೀರಿನಿಂದ ಮುಕ್ಕಳಿಸಿ, ಕಷಾಯವನ್ನು ಕುಡಿದು ವಿಶ್ರಮಿಸಿದರೆ ಸಾಕು. ಅಂತಹ ನೆಗಡಿಗೆ ಆಂಟಿಬಯಾಟಿಕ್ ನುಂಗುವುದರಿಂದ ಪ್ರಯೋಜನವೂ ಇಲ್ಲ.

ಆದರೆ ಮೂರು ನಾಲ್ಕು ದಿನಗಳಾದ ಮೇಲೆ ನೋವು ಒಂದೇ ಪಕ್ಕಕ್ಕೆ ತಿರುಗಿ ಹೆಚ್ಚಿದರೆ, ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ, ಎಂಜಲನ್ನು ನುಂಗಲಾಗದಿದ್ದರೆ, ಮಾತಿನ ದನಿ ಬದಲಾದರೆ ಅಂದೇ ವೈದ್ಯರ ಬಳಿಗೆ ಹೋಗಬೇಕು. ಬೆಳಗಾಗಲೆಂದೂ ಮಳೆ ನಿಲ್ಲಲೆಂದೂ ಕಾಯಬಾರದು. ಸಮೀಪದ ಆರೋಗ್ಯ ಕೇಂದ್ರದ ಅಥವಾ ತಾಲ್ಲೂಕು ಆಸ್ಪತ್ರೆಯ ವೈದ್ಯರು ರೋಗವನ್ನು ಗುರುತಿಸಿ, ಮೊದಲ ಔಷಧವನ್ನೂ ಡ್ರಿಪ್ಪನ್ನೂ ಕೊಟ್ಟು, ಅಗತ್ಯವಿದ್ದರೆ ಕಿವಿ ಮೂಗು ಗಂಟಲಿನ ತಜ್ಞರಿರುವ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಕಳುಹಿಸಬಲ್ಲರು. ಉಸಿರಾಟದಲ್ಲಿ ಸದ್ದು ಕೇಳಿಸಿದರೆ ಒಡನೆಯೇ 108ಕ್ಕೆ ಕರೆಮಾಡಬೇಕು. ದಾರಿಯಲ್ಲಿ ರೋಗಿಯನ್ನು ಮಲಗಿಸದೆ ನೆಟ್ಟಗೆ, ಅವನಿಗೆ ಹಿತವಾದಂತೆ ಕುಳ್ಳಿರಿಸಬೇಕು. ಬಲವಂತವಾಗಿ ಏನನ್ನೂ ಕುಡಿಸಬಾರದು. ಬೆರಳು ಹಾಕಿ ಒತ್ತುವುದು, ಚೂಪಾದುದರಿಂದ ಚುಚ್ಚುವುದು ಸರ್ವಥಾ ಕೂಡದು; ಮಿದುಳಿಗೆ ಹೋಗುವ ಅಪಧಮನಿಯು ಅಲ್ಲಿಂದ ಎರಡು ಬೆರಳಿನ ದೂರದಲ್ಲಿಯೇ ಇದೆ.

ಟಾನ್ಸಿಲಿನ ಹಿಂದಣ ಕೀವು ಹಳೆಯ ರೋಗ. ಅದನ್ನು ಹೊರಗೆ ಬಿಡಬೇಕೆಂಬ ತತ್ವವೂ ಹಳೆಯದು. ಮರವಳಿಕೆ, ಸೂಜಿ, ಆಂಟಿಬಯಾಟಿಕ್ಕುಗಳು ಕೂಡಿದುದರಿಂದ ಒಂದು ಕಾಲದಲ್ಲಿ ಪ್ರಾಣಾಂತಿಕವಾಗಿದ್ದ ಈ ರೋಗವು ಇಂದು ಕೆಲವು ದಿನಗಳಲ್ಲಿ ಗುಣವಾಗತಕ್ಕದ್ದಾಗಿದೆ. ಆ ಚಿಕಿತ್ಸೆಯು ರೋಗಿಗೆ ಹೊತ್ತಿಗೆ ಸರಿಯಾಗಿ ದೊರೆಯಬೇಕಾದರೆ, ಅವನ ಬಾಯಿ ಎಷ್ಟು ಬೆರಳು ತೆರೆಯುತ್ತದೆಂದು ಮೊದಲು ನೋಡುವವರು ಮನೆಯಲ್ಲಿರಬೇಕು. ಅಷ್ಟನ್ನು ನೋಡುವುದಕ್ಕೆ ವೈದ್ಯಶಾಸ್ತ್ರದ ಪದವಿ ಬೇಕಾಗಿಲ್ಲ.